ಟ್ಯೂಬ್ ಎಷ್ಟು ದಿನ ಬಂತು?

ಮಂಗಳೂರಿನ ಚರ್ಮವೈದ್ಯೆ ನನ್ನ ಮುಖವನ್ನು ಸರಿಯಾಗಿ ನೋಡುವುದಕ್ಕೂ ಮೊದಲು ಕೇಳಿದ ಪ್ರಶ್ನೆ ಇದು. 2022ರ ನವೆಂಬರಿನಲ್ಲಿ ಮೊಡವೆಗೆಂದು ಅವರು ಬರೆದುಕೊಟ್ಟಿದ್ದ ಶೇಕಡಾ 0.1ರ ಅಡಾಪಲೀನ್ ಜೆಲ್ಲಿನ 15 ಗ್ರಾಂ ಟ್ಯೂಬನ್ನು ನಾನು 22 ದಿನಗಳಲ್ಲಿ ಖಾಲಿ ಮಾಡಿದ್ದೆ. ಕೆನ್ನೆಗಳೆರಡೂ ಕೆಂಪೇರಿ, ಬಾಯಿಯ ಎರಡು ಮೂಲೆಗಳಲ್ಲಿ ಚರ್ಮ ಒಡೆದು, ಮಜ್ಜಿಗೆಹುಳಿ ಕಲಸಿದ ತುತ್ತು ತಾಗಿದರೂ ಉರಿಯುವ ಸ್ಥಿತಿಯಾಗಿತ್ತು. ಈ ಔಷಧಿ ನನಗೆ ಒಗ್ಗುವುದಿಲ್ಲ, ಬೇರೆ ಏನಾದರೂ ಕೊಡಿ ಎಂದು ಕೇಳಲೆಂದೇ ಕುಂಬಳೆಯಲ್ಲಿ ಬೆಳಗಿನ ರೈಲು ಹತ್ತಿದ್ದೆ.

"ಇಪ್ಪತ್ತೆರಡು ದಿನ, ಡಾಕ್ಟರೇ."

"ಹಾಗಾದರೆ ನೀವು ಹಚ್ಚಿದ್ದಲ್ಲ, ಬಳಿದದ್ದು."

ಅವರ ಲೆಕ್ಕ ಸರಳವಾಗಿತ್ತು. ತೋರುಬೆರಳಿನ ಮೇಲಿನ ಗೆರೆಯಿಂದ ತುದಿಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಇಡೀ ಮುಖಕ್ಕೆ ಬೇಕಾದದ್ದು ಬಟಾಣಿ ಕಾಳಿನಷ್ಟು, ಅಂದರೆ ಅದರ ಅರ್ಧ, ಕಾಲು ಗ್ರಾಂ. ಆ ಪ್ರಕಾರ ಪ್ರತಿ ರಾತ್ರಿ ಹಚ್ಚಿದರೂ ಒಂದು ಟ್ಯೂಬ್ 60 ರಾತ್ರಿ ಬರಬೇಕು. ಅವರು ಹೇಳಿದ್ದಂತೆ ವಾರಕ್ಕೆ ಎರಡು ಮೂರು ರಾತ್ರಿ ಹಚ್ಚಿದ್ದರೆ ಮಳೆಗಾಲದವರೆಗೂ ಬರುತ್ತಿತ್ತು. ನಾನು ಬೇಗ ಗುಣವಾಗಲೆಂದು ಪ್ರತಿ ರಾತ್ರಿಯೂ, ಅದೂ ಎರಡೂವರೆ ಪಾಲು ಹೆಚ್ಚು, ಬೆಳಿಗ್ಗೆ ಉರಿದ ಕಡೆಗೆ ರಾತ್ರಿ ಇನ್ನೂ ಸ್ವಲ್ಪ ಹೆಚ್ಚು ಎಂಬಂತೆ ಹಚ್ಚಿದ್ದೆ. ಅವರು ಔಷಧಿಯನ್ನು ಬದಲಿಸಲಿಲ್ಲ. ಹತ್ತು ದಿನ ಏನನ್ನೂ ಹಚ್ಚದೆ ಇರಲು ಹೇಳಿ, ಅನಂತರ ಅದೇ ಟ್ಯೂಬನ್ನು ಮತ್ತೆ ಬರೆದುಕೊಟ್ಟರು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆ. ವೈದ್ಯಶಾಸ್ತ್ರ ಓದಿದವಳಲ್ಲ, ಇಲ್ಲಿ ಬರೆಯುತ್ತಿರುವುದು ವೈದ್ಯರ ಚೀಟಿಗೆ ಬದಲಿಯೂ ಅಲ್ಲ. ಆದರೆ ಮುಖ ತಿಳಿಯಾದ ಮೇಲೆ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ "ಯಾವ ಕ್ರೀಮು ಟೀಚರ್?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕ್ರೀಮಿನ ಹೆಸರು ಹೇಳಿದರೆ ನಾನು ಮಾಡಿದ ತಪ್ಪನ್ನೇ ಅವರೂ ಮಾಡುತ್ತಾರೆ ಎಂಬ ಅಂಜಿಕೆಯಿಂದ, ಕ್ರೀಮಿನ ಸುತ್ತ ನಾನು ಏನೇನನ್ನು ಬಿಡಬೇಕಾಯಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ಈ ಚಿಕಿತ್ಸೆಯ ಮುಕ್ಕಾಲು ಪಾಲು ಬಿಡುವುದರಲ್ಲಿಯೇ ಇದೆ.

ಮೊದಲು ಔಷಧಿಯ ವಿಚಾರ. ರೆಟಿನಾಯ್ಡ್ ಎಂದರೆ ಎ ವಿಟಮಿನ್ನಿನ ಸಂಬಂಧಿಕರ ಒಂದು ಕುಟುಂಬ. ಅದರಲ್ಲಿ ಹಳೆಯದು ಟ್ರೆಟಿನಾಯಿನ್. ಅದನ್ನು ಮೊಡವೆಗೆ ಹಚ್ಚಿ ನೋಡಿದ ಫಲಿತಾಂಶವನ್ನು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು, 1971ರಲ್ಲಿ ಅದಕ್ಕೆ ಅಲ್ಲಿ ಮಂಜೂರಾತಿ ಸಿಕ್ಕಿತು. (ಅದೇ ಕ್ಲಿಗ್‌ಮನ್ ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವರು ಎಂಬುದನ್ನು ಓದಿದ ಮೇಲೆ ಆ ಹೆಸರನ್ನು ಗೌರವದಿಂದ ಬರೆಯಲು ನನಗೆ ಮನಸ್ಸು ಬರುವುದಿಲ್ಲ.) ನನಗೆ ಕೊಟ್ಟ ಅಡಾಪಲೀನ್ ಅದೇ ಕುಟುಂಬದ್ದು, 1996ರಲ್ಲಿ ಅಮೆರಿಕದಲ್ಲಿ ಮಂಜೂರಾದದ್ದು. ಟ್ರೆಟಿನಾಯಿನ್ ಬೆಳಕಿಗೆ ಕೆಡುತ್ತದೆ, ಅಡಾಪಲೀನ್ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಉರಿಯೂ ಸಾಮಾನ್ಯವಾಗಿ ಕಡಿಮೆ. 2016ರಿಂದ ಅಮೆರಿಕದಲ್ಲಿ ಶೇಕಡಾ 0.1ರ ಅಡಾಪಲೀನ್ ಚೀಟಿ ಇಲ್ಲದೆಯೂ ಸಿಗುತ್ತದೆ. ನಮ್ಮಲ್ಲಿ ಅದು ಚೀಟಿಯ ಮೇಲೆ ಕೊಡಬೇಕಾದ ಔಷಧಿ, ಮತ್ತು ಹಾಗೆಯೇ ಇರಲಿ ಎಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಅದು ಚರ್ಮದಲ್ಲಿ ಏನು ಮಾಡುತ್ತದೆ ಎಂಬುದು ನನಗೆ ಅರ್ಥವಾದದ್ದು ನಮ್ಮ ಅಡಿಕೆ ತೋಟದ ಕಣಿಗಳನ್ನು, ಅಂದರೆ ಮಳೆನೀರು ಹರಿದುಹೋಗುವ ಕಾಲುವೆಗಳನ್ನು, ನೆನೆದಾಗ. ಪ್ರತಿಯೊಂದು ಕೂದಲಿನ ಬುಡವೂ ಒಂದು ಸಣ್ಣ ಕಣಿ. ಅದರ ಗೋಡೆಯಿಂದ ಹಳೆಯ ಜೀವಕೋಶಗಳು ಉದುರಿ, ಎಣ್ಣೆಯ ಪಸೆಯೊಡನೆ ಹೊರಗೆ ಹರಿದುಹೋಗಬೇಕು. ಮೊಡವೆಯ ಚರ್ಮದಲ್ಲಿ ಆ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಕಣಿ ಕಟ್ಟಿಕೊಳ್ಳುತ್ತದೆ. ಒಳಗೆ ನಿಂತ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ, ಬಾವು ಬಂದು, ನಮ್ಮ ಕಣ್ಣಿಗೆ ಮೊಡವೆಯಾಗಿ ಕಾಣುವುದು ಕಟ್ಟಿಕೊಂಡು ಎಷ್ಟೋ ವಾರಗಳ ಮೇಲೆ. ರೆಟಿನಾಯ್ಡ್ ಆ ಕೋಶಗಳು ಅಂಟಿಕೊಳ್ಳದೆ ಉದುರುವಂತೆ ಮಾಡುತ್ತದೆ, ಬಾವನ್ನೂ ತಗ್ಗಿಸುತ್ತದೆ. ಮಳೆಗೆ ಮೊದಲು ಕಣಿ ಬಿಡಿಸುವ ಕೆಲಸವಿದು. ನೀರು ನಿಂತ ಮೇಲೆ ನಿಂತ ಜಾಗಕ್ಕೆ ಮಾತ್ರ ಓಡುವ ಕೆಲಸವಲ್ಲ. ಆದ್ದರಿಂದ ಎದ್ದ ಮೊಡವೆಯ ತಲೆಯ ಮೇಲೆ ಚುಕ್ಕಿಯಿಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಮೊಡವೆ ಬರುವ ಇಡೀ ಪ್ರದೇಶಕ್ಕೆ ತೆಳುವಾಗಿ ಹಚ್ಚಬೇಕು. ಫಲಿತಾಂಶ ನೋಡುವುದಕ್ಕೆ 12 ವಾರವಾದರೂ ಕಾಯಬೇಕು ಎಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ. ಮೊದಲ ಕೆಲವು ವಾರಗಳಲ್ಲಿ, ಒಳಗೆ ಕಟ್ಟಿಕೊಂಡಿದ್ದವು ಒಟ್ಟಿಗೆ ಮೇಲೆ ಬಂದು, ಮುಖ ಮೊದಲಿಗಿಂತ ಕೆಟ್ಟು ಕಾಣುವುದುಂಟು.

ನಮ್ಮ ದೊಡ್ಡಮ್ಮನಿಗೆ ಇದು ಎ ವಿಟಮಿನ್ನಿನ ಸಂಬಂಧಿ ಎಂದು ಹೇಳಿದ್ದು ನನ್ನ ತಪ್ಪು. "ಹಾಗಾದರೆ ಪಪ್ಪಾಯಿ ತಿಂದರೆ ಸಾಲದಾ ಮಗಳೇ?" ಎಂದು ಅವರು ಇಂದಿಗೂ ಕೇಳುತ್ತಾರೆ. ಪಪ್ಪಾಯಿ, ನುಗ್ಗೆಸೊಪ್ಪು ಕಣ್ಣಿಗೆ, ಮೈಗೆ ಒಳ್ಳೆಯವೇ, ಆದರೆ ಚರ್ಮದ ಮೇಲೆ ಈ ಔಷಧಿ ಮಾಡುವ ಕೆಲಸವನ್ನು ಊಟ ಮಾಡುವುದಿಲ್ಲ. ಎ ವಿಟಮಿನ್ನಿನ ಮಾತ್ರೆಗಳನ್ನು ತಾವಾಗಿ ಹೆಚ್ಚು ನುಂಗುವುದಂತೂ ಯಕೃತ್ತಿಗೆ ಅಪಾಯ.

ಇನ್ನು ನನ್ನ ಅವಸರಕ್ಕೆ ಹಿನ್ನೆಲೆಯಾದ ಕಥೆ. 2020ರ ಮಾರ್ಚಿನಲ್ಲಿ, ಕೋವಿಡ್ಡಿನ ಕಾರಣ, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ಕಾಸರಗೋಡಿನ ರೋಗಿಗಳು, ತುರ್ತು ಚಿಕಿತ್ಸೆ ಬೇಕಾದವರು ಕೂಡ, ದಾರಿ ಕಾಣದೆ ಕುಳಿತಿದ್ದ ದಿನಗಳವು. ಅಂಥಲ್ಲಿ ಮೊಡವೆಯ ಮಾತೆತ್ತುವುದಕ್ಕೇ ನಾಚಿಕೆಯಾಗುತ್ತಿತ್ತು. ಮಾಸ್ಕಿನ ಒಳಗೆ ಬೆವರಿ ಗದ್ದದ ತುಂಬ ಮೊಡವೆಗಳೆದ್ದವು. ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಮಲಯಾಳದಲ್ಲಿ "ಮುಖಕ್ಕುರು" ಎಂದು ಹೇಳಿದೊಡನೆ, ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟರು. ಒಂದೇ ವಾರದಲ್ಲಿ ಮುಖ ತಿಳಿಯಾಯಿತು, ಬಣ್ಣವೂ ಬಿಳುಪಾದಂತೆ ಕಂಡಿತು, ಮನೆಯವರೆಲ್ಲ ಮೆಚ್ಚಿದರು. ಮೂರನೆಯ ತಿಂಗಳ ಹೊತ್ತಿಗೆ ಕೆನ್ನೆಯ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣತೊಡಗಿದವು, ಕೆನ್ನೆಯ ಬದಿಯಲ್ಲಿ ಸಣ್ಣ ಕೂದಲು ಬೆಳೆಯಿತು, ಎರಡು ದಿನ ಕ್ರೀಮು ಬಿಟ್ಟರೆ ಮುಖವಿಡೀ ಉರಿದು ಮೊಡವೆಗಳು ಗುಂಪಾಗಿ ಏಳತೊಡಗಿದವು.

ಆ ಟ್ಯೂಬಿನಲ್ಲಿ ಇದ್ದದ್ದು ಮೂರು ಔಷಧಿಗಳು: ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟಿರಾಯ್ಡ್. ಇಂಥ ಮಿಶ್ರಣವನ್ನು 1975ರಲ್ಲಿ ಮೊದಲು ಪ್ರಕಟಿಸಿದವರೂ ಅದೇ ಕ್ಲಿಗ್‌ಮನ್. ಮುಖದ ಬಂಗಿನಂಥ ಕಪ್ಪು ಕಲೆಗೆ ವೈದ್ಯರ ಕಣ್ಣೆದುರಿನಲ್ಲಿ ಕೆಲವೇ ವಾರ ಬಳಸಬೇಕಾದದ್ದನ್ನು ನಾನು ಬಿಳಿಯಾಗುವ ಕ್ರೀಮಿನಂತೆ ತಿಂಗಳುಗಟ್ಟಲೆ ಹಚ್ಚಿದ್ದೆ. ಹಚ್ಚುವ ಸ್ಟಿರಾಯ್ಡುಗಳನ್ನು 2018ರಲ್ಲಿಯೇ ಕೇಂದ್ರ ಸರಕಾರವು ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಕ್ರೀಮಿನ ಹಂಗು ಬಿಡಿಸಿಕೊಳ್ಳುವುದೇ ಒಂದು ವರ್ಷದ ಪಾಡಾಯಿತು. ಅಂದರೆ ರೆಟಿನಾಯ್ಡ್ ನನ್ನ ಮುಖಕ್ಕೆ ಹೊಸದಾಗಿರಲಿಲ್ಲ. ಮೊದಲ ಸಲ ಬಂದಾಗ ಅದಕ್ಕೆ ಸಹವಾಸ ದೋಷವಿತ್ತು. ಸ್ಟಿರಾಯ್ಡ್ ಒಂದು ವಾರದಲ್ಲಿ ತೋರಿಸಿದ ಮಾಯೆಯನ್ನು ನಾನು ಅಡಾಪಲೀನಿನಿಂದಲೂ ನಿರೀಕ್ಷಿಸಿದ್ದರಿಂದಲೇ ಟ್ಯೂಬ್ 22 ದಿನದಲ್ಲಿ ಮುಗಿದದ್ದು.

ಎರಡನೆಯ ಟ್ಯೂಬ್ ತೆರೆಯುವ ಮೊದಲು ವೈದ್ಯೆ ನನ್ನಿಂದ ಒಂದು ಪಟ್ಟಿ ಬರೆಸಿದರು: ದಿನದಲ್ಲಿ ಮುಖಕ್ಕೆ ಏನೇನು ತಾಗುತ್ತದೆ. ಬರೆಯುತ್ತಾ ಹೋದಂತೆ ನನಗೇ ಆಶ್ಚರ್ಯವಾಯಿತು. ಬೆಳಿಗ್ಗೆ ಮೈಸೋಪು, ಶಾಲೆಯಿಂದ ಬಂದ ಮೇಲೆ ಕಡಲೆಹಿಟ್ಟು ಮತ್ತು ಅರಸಿನ, ವಾರಕ್ಕೊಮ್ಮೆ ಲಿಂಬೆರಸ, ರವಿವಾರ ಅಕ್ರೋಡಿನ ಸಿಪ್ಪೆಯ ಸ್ಕ್ರಬ್ಬು, ಮಧ್ಯೆ ಮಧ್ಯೆ ಗುಲಾಬಿ ನೀರು, ಇವೆಲ್ಲದರ ಮೇಲೆ ಹಂಡೆಯ ಬಿಸಿನೀರು. ಎಲ್ಲದಕ್ಕೂ ಒಂದೊಂದಾಗಿ ಗೀರು ಬಿತ್ತು.

ಮೈಸೋಪಿನ ಕ್ಷಾರಗುಣ ಚರ್ಮಕ್ಕೆ ಹಿತವಲ್ಲ. ಆರೋಗ್ಯವಂತ ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ) 5ರ ಆಸುಪಾಸಿನಲ್ಲಿದ್ದರೆ ಸೋಪಿನದ್ದು 9ರಿಂದ 10. ರೆಟಿನಾಯ್ಡ್ ಆರಂಭಿಸಿದಾಗ ಚರ್ಮದ ಮೇಲ್ಪದರ ಹೇಗೂ ತೆಳುವಾಗಿ ತೇವವನ್ನು ಹಿಡಿದಿಡಲಾರದೆ ಒದ್ದಾಡುತ್ತಿರುತ್ತದೆ. ಅದರ ಮೇಲೆ ಸೋಪು ಉಜ್ಜಿದರೆ ಉರಿ ಇಮ್ಮಡಿಯಾಗುತ್ತದೆ. ಲಿಂಬೆರಸ ಇನ್ನೂ ಕೆಟ್ಟದು. ಅದರ ಹುಳಿಯ ಮಾತು ಹಾಗಿರಲಿ, ರಸ ತಾಗಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟಂತೆ ಕಪ್ಪಾಗುವುದುಂಟು. ಕಡಲೆಹಿಟ್ಟಿನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಸಿಪ್ಪೆ ಏಳುತ್ತಿರುವ ಮುಖದ ಮೇಲೆ ಅದನ್ನು ತಿಕ್ಕಿ ತೆಗೆಯುವುದು ಗಾಯವನ್ನು ಕೆರೆದಂತೆ. ಈಗ ಬೆಳಿಗ್ಗೆ ಬರಿಯ ತಣ್ಣೀರು, ರಾತ್ರಿ ನೊರೆ ಹೆಚ್ಚು ಬಾರದ, ಸುವಾಸನೆಯಿಲ್ಲದ, ಸೋಪಲ್ಲದ ಕ್ಲೆನ್ಸರು. ಬೆರಳ ತುದಿಯಲ್ಲಿ ಅರ್ಧ ನಿಮಿಷ ಸವರಿ ತೊಳೆದು, ಹತ್ತಿಯ ಬೈರಾಸಿನಿಂದ ಒತ್ತಿ ಒರೆಸುತ್ತೇನೆ, ಉಜ್ಜುವುದಿಲ್ಲ. ತೊಳೆದ ಮೇಲೆ ಮುಖ ಬಿಗಿದಂತಾದರೆ ಆ ಕ್ಲೆನ್ಸರು ನಮಗೆ ಕೂಡದು ಎಂದು ತಿಳಿಯಬೇಕು. ಆ ಬಿಗಿತವನ್ನೇ ನಾನು ಇಷ್ಟು ವರ್ಷ ಶುಚಿತ್ವವೆಂದು ಎಣಿಸಿದ್ದೆ.

ಅತ್ಯಂತ ಕಷ್ಟವಾದದ್ದು ತೆಂಗಿನೆಣ್ಣೆ. ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಎಂದರೆ ಒಗ್ಗರಣೆಗೂ ಅದೇ, ತಲೆಗೂ ಅದೇ, ಸೊಳ್ಳೆ ಕಚ್ಚಿದ್ದಕ್ಕೂ ಅದೇ. ರಾತ್ರಿ ಮಲಗುವ ಮೊದಲು ಅಮ್ಮ ನೆತ್ತಿಗೆ ತಟ್ಟಿದ ಎಣ್ಣೆ ಹಣೆಗೆ ಇಳಿದು, ದಿಂಬಿನ ಹೊದಿಕೆಗೆ ಹತ್ತಿ, ಮರುದಿನ ಕೆನ್ನೆಗೆ ಸೇರುತ್ತಿತ್ತು. ಕೂದಲಿನ ಅಂಚಿನುದ್ದಕ್ಕೂ ಸಾಸಿವೆಯಂಥ ಗುಳ್ಳೆಗಳ ಸಾಲು ಇದ್ದದ್ದು ಅದರಿಂದ. ಕೂದಲಿನ ಬುಡವನ್ನು ಕಟ್ಟುವ ಎಣ್ಣೆಗಳಲ್ಲಿ ತೆಂಗಿನೆಣ್ಣೆಯೂ ಒಂದು ಎಂದು ಅಮ್ಮನಿಗೆ ಹೇಳಿದಾಗ ಅವರು ಒಂದು ದಿನ ನನ್ನೊಡನೆ ಮಾತಾಡಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ರವಿವಾರ ಬೆಳಿಗ್ಗೆ ಮಾತ್ರ ಎಣ್ಣೆ, ಮೀಯುವುದಕ್ಕೆ ಒಂದು ಗಂಟೆ ಮೊದಲು, ಹಣೆಗೆ ಬಟ್ಟೆ ಕಟ್ಟಿಕೊಂಡು. ತಲೆ ತೊಳೆದ ಮೇಲೆ ಕೊನೆಯಲ್ಲಿ ಮುಖ ತೊಳೆಯುವುದು, ಇಲ್ಲವಾದರೆ ಶಾಂಪೂವಿನೊಡನೆ ಇಳಿದ ಎಣ್ಣೆ ಮುಖದಲ್ಲೇ ಉಳಿಯುತ್ತದೆ. ಕಾಲಿಗೆ, ಮೊಣಕೈಗೆ ಈಗಲೂ ತೆಂಗಿನೆಣ್ಣೆಯನ್ನೇ ಹಚ್ಚುತ್ತೇನೆ. ಅಲ್ಲಿ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ.

ಔಷಧಿ ಹಚ್ಚುವ ರಾತ್ರಿಯ ಕ್ರಮವನ್ನು ಇದ್ದಂತೆಯೇ ಬರೆಯುತ್ತೇನೆ. ಮುಖ ತೊಳೆದು ಒರೆಸಿ, ಊಟದ ಬಟ್ಟಲುಗಳನ್ನು ತೊಳೆದಿಡುವ ಕೆಲಸ ಮುಗಿಸುತ್ತೇನೆ. ಅಷ್ಟರಲ್ಲಿ 20 ನಿಮಿಷ ಕಳೆದು ಚರ್ಮ ಪೂರ್ತಿ ಒಣಗಿರುತ್ತದೆ. ಒದ್ದೆ ಮುಖದ ಮೇಲೆ ಹಚ್ಚಿದರೆ ಉರಿ ಹೆಚ್ಚು. ಮೂಗಿನ ಹೊಳ್ಳೆಯ ಬದಿಗಳಿಗೆ, ಬಾಯಿಯ ಮೂಲೆಗಳಿಗೆ, ಕಣ್ಣಿನ ಕೆಳಗಿನ ಎಲುಬಿನ ಅಂಚಿಗೆ ಚೂರು ಪೆಟ್ರೋಲಿಯಂ ಜೆಲ್ಲಿ ಸವರುತ್ತೇನೆ, ಔಷಧಿ ಆ ಸಂದುಗಳಿಗೆ ಹರಿದು ನಿಲ್ಲದಿರಲೆಂದು. ಮೊದಲ ಎರಡು ತಿಂಗಳು ಇದರ ಮೇಲೆ ತೆಳುವಾಗಿ ಮಾಯಿಶ್ಚರೈಸರು, ಅದು ಹೀರಿದ ಮೇಲೆ ಔಷಧಿ, ಅದರ ಮೇಲೆ ಮತ್ತೆ ಮಾಯಿಶ್ಚರೈಸರು. ಅಕ್ಕಿರೊಟ್ಟಿಯ ಎರಡು ಕಡೆಯೂ ಬಾಳೆಲೆ ಇಟ್ಟಂತೆ. ಬಟಾಣಿಯಷ್ಟು ಜೆಲ್ಲನ್ನು ಬೆರಳಿಗೆ ತೆಗೆದು ಹಣೆ, ಎರಡು ಕೆನ್ನೆ, ಮೂಗು, ಗದ್ದ ಎಂದು ಐದು ಚುಕ್ಕಿಯಿಟ್ಟು ಹರಡುವುದು. ಹಚ್ಚಿದ್ದು ಕಾಣಿಸಿದರೆ ಹೆಚ್ಚಾಯಿತು ಎಂದರ್ಥ. ಆಮೇಲೆ ಕೈ ತೊಳೆಯುವುದು ಮರೆಯಬಾರದು, ಒಮ್ಮೆ ಮರೆತು ಕಣ್ಣುಜ್ಜಿ ಅರ್ಧ ರಾತ್ರಿ ಬಾವಿಕಟ್ಟೆಯಲ್ಲಿ ಕಣ್ಣು ತೊಳೆದಿದ್ದೇನೆ.

ಮೊದಲ ತಿಂಗಳು ಸೋಮವಾರ ಮತ್ತು ಗುರುವಾರ ಮಾತ್ರ. ಉರಿಯಿಲ್ಲದೆ ನಾಲ್ಕು ವಾರ ಕಳೆದ ಮೇಲೆ ಮೂರು ರಾತ್ರಿ, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಉಳಿದ ರಾತ್ರಿಗಳಲ್ಲಿ ಮಾಯಿಶ್ಚರೈಸರು ಮಾತ್ರ. ಗ್ಲಿಸರಿನ್ ಮತ್ತು ಸೆರಮೈಡ್ ಇರುವ, ಸುವಾಸನೆಯಿಲ್ಲದ ಸಾದಾ ಕ್ರೀಮು ಸಾಕು. ಸೆರಮೈಡ್ ಎಂಬುದು ಚರ್ಮದ ಮೇಲ್ಪದರದಲ್ಲಿಯೇ ಇರುವ, ಕೋಶಗಳ ನಡುವೆ ಗಾರೆಯಂತೆ ಕೂರುವ ಕೊಬ್ಬು. ಮೊಡವೆಯ ಎಣ್ಣೆಮುಖಕ್ಕೆ ಮತ್ತೆ ಕ್ರೀಮು ಏಕೆ ಎಂಬ ಪ್ರಶ್ನೆ ನನ್ನಲ್ಲೂ ಇತ್ತು. ಎಣ್ಣೆ ಬೇರೆ, ತೇವ ಬೇರೆ. ರೆಟಿನಾಯ್ಡ್ ಹಚ್ಚಿದ ಮುಖ ಮೇಲೆ ಜಿಡ್ಡಾಗಿದ್ದರೂ ಒಳಗೆ ಒಣಗಿರುವುದನ್ನು ಕನ್ನಡಿಯೆದುರು ನಕ್ಕಾಗ ಕೆನ್ನೆಯಲ್ಲಿ ಮೂಡುವ ಸಣ್ಣ ಗೆರೆಗಳಿಂದ ಗುರುತಿಸಬಹುದು.

ಇಷ್ಟೆಲ್ಲ ಶಿಸ್ತಿನ ನಡುವೆಯೂ ಡಿಸೆಂಬರಿನ ಕೊನೆಯಲ್ಲಿ ಒಂದು ಎಡವಟ್ಟಾಯಿತು. ನೀರ್ಚಾಲಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹಿಂದಿನ ದಿನ ಬ್ಯೂಟಿ ಪಾರ್ಲರಿಗೆ ಹೋಗಿ ಮೇಲ್ದುಟಿಯ ಮೇಲೆ ವ್ಯಾಕ್ಸ್ ಮಾಡಿಸಿಕೊಂಡೆ. ಮುಖಕ್ಕೆ ಏನಾದರೂ ಔಷಧಿ ಹಚ್ಚುತ್ತೀರಾ ಎಂದು ಅವರು ಕೇಳಲಿಲ್ಲ, ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ಪಟ್ಟಿಯನ್ನು ಎಳೆದಾಗ ಕೂದಲಿನೊಡನೆ ಚರ್ಮದ ಮೇಲ್ಪದರವೂ ಎದ್ದುಬಂತು. ಎಡಬದಿಯಲ್ಲಿ ಅಡಿಕೆ ಹೋಳಿನಷ್ಟು ಜಾಗ ಕೆಂಪಗೆ, ಹಸಿಯಾಗಿ ಮಿಂಚುತ್ತಿತ್ತು. ಮದುವೆಯ ದಿನ ಪಾಯಸದ ಲೋಟ ತುಟಿಗೆ ತಾಗಿಸಲಾಗಲಿಲ್ಲ, ಫೋಟೋಗಳಲ್ಲೆಲ್ಲ ಸೆರಗನ್ನು ಬಾಯಿಯ ಬಳಿ ಹಿಡಿದುಕೊಂಡೇ ನಿಂತಿದ್ದೇನೆ. ಗಾಯ ವಾರದಲ್ಲಿ ಆರಿತು, ಅದು ಬಿಟ್ಟುಹೋದ ಕಂದು ಕಲೆ ವಿಷುವಿನವರೆಗೂ ಇತ್ತು. ರೆಟಿನಾಯ್ಡ್ ಹಚ್ಚುವವರು ಮುಖಕ್ಕೆ ವ್ಯಾಕ್ಸ್ ಮಾಡಿಸಲೇಬಾರದು ಎಂದು ವೈದ್ಯೆ ಆಮೇಲೆ ಹೇಳಿದರು. ದಾರದಿಂದ ತೆಗೆಸುವುದಿದ್ದರೂ ಕೆಲವು ದಿನ ಮೊದಲೇ ಔಷಧಿ ನಿಲ್ಲಿಸಿರಬೇಕು.

ಆ ಕಲೆಯ ದೆಸೆಯಿಂದಲೇ ನಾನು ಸನ್‌ಸ್ಕ್ರೀನನ್ನು ಗಂಭೀರವಾಗಿ ತೆಗೆದುಕೊಂಡದ್ದು. ನಮ್ಮಂಥ ಕಂದು ಚರ್ಮದವರಿಗೆ ಮೊಡವೆಗಿಂತ ಅದು ಬಿಟ್ಟುಹೋಗುವ ಕಪ್ಪು ಕಲೆಯದ್ದೇ ದೊಡ್ಡ ತಲೆಬಿಸಿ, ಮತ್ತು ಬಿಸಿಲು ಆ ಕಲೆಗೆ ನೀರೆರೆಯುತ್ತದೆ. ಎಸ್‌ಪಿಎಫ್ 30 ಎಂದರೆ ಚರ್ಮ ಸುಡುವ ಯುವಿ-ಬಿ ಕಿರಣಗಳಲ್ಲಿ ಸುಮಾರು ಶೇಕಡಾ 97ರಷ್ಟನ್ನು ತಡೆಯುತ್ತದೆ, 50 ಎಂದರೆ ಶೇಕಡಾ 98ರಷ್ಟನ್ನು. ಆದ್ದರಿಂದ ದೊಡ್ಡ ಸಂಖ್ಯೆಗೆ ಮರುಳಾಗುವುದಕ್ಕಿಂತ ಸರಿಯಾದ ಪ್ರಮಾಣದಲ್ಲಿ ಹಚ್ಚುವುದು ಮುಖ್ಯ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖಕ್ಕೂ ಕುತ್ತಿಗೆಗೂ ಸಾಕಾಗುತ್ತದೆ. ಔಷಧಿ ಕಾಳಿನಷ್ಟು, ಸನ್‌ಸ್ಕ್ರೀನ್ ಎರಡು ಬೆರಳಷ್ಟು. ನಾನು ಮೊದಲು ಇದನ್ನು ಸರಿಯಾಗಿ ತಿರುಗುಮುರುಗು ಮಾಡುತ್ತಿದ್ದೆ. ಪಿಎ ಎಂಬ ಗುರುತಿನ ಮುಂದೆ ಇರುವ ಕೂಡಿಸುವ ಚಿಹ್ನೆಗಳು ಯುವಿ-ಎ ಕಿರಣದ ತಡೆಯನ್ನು ಸೂಚಿಸುತ್ತವೆ, ಆ ಕಿರಣ ಕಿಟಕಿಯ ಗಾಜನ್ನೂ ಹಾಯ್ದು ಬರುತ್ತದೆ. ಕಲೆಗಳಿರುವವರಿಗೆ ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕು ಕೂಡ ಕಲೆಯನ್ನು ಗಾಢವಾಗಿಸುತ್ತದೆ. ಏಪ್ರಿಲಿನ ಸೆಖೆಯಲ್ಲಿ ಇದೆಲ್ಲ ಬೆವರಿನೊಡನೆ ಇಳಿದುಹೋಗುವುದು ನಿಜ. ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ ಮತ್ತೆ ಹಚ್ಚುತ್ತೇನೆ, ಅಸೆಂಬ್ಲಿಗೆ ಮಾವಿನ ಮರದ ನೆರಳು ಹುಡುಕಿ ನಿಲ್ಲುತ್ತೇನೆ, ಕೊಡೆಯಂತೂ ಹನ್ನೆರಡು ತಿಂಗಳೂ ಚೀಲದಲ್ಲಿರುತ್ತದೆ.

ಬೇಸಿಗೆಯಲ್ಲಿ ಔಷಧಿಯನ್ನು ನಿಲ್ಲಿಸಬೇಕೇ ಎಂದು ಕೇಳಿದ್ದೆ, ಬೇಡವೆಂದರು.

ಮಳೆಗಾಲದ ಸಮಸ್ಯೆಯೇ ಬೇರೆ. ಜೂನ್ ಕಳೆಯುವಾಗ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ದಿಂಬಿನ ಹೊದಿಕೆ ಮೂರು ದಿನವಾದರೂ ಒಣಗುವುದಿಲ್ಲ. ಚಳಿಗಾಲದಲ್ಲಿ ಪ್ರಾಣ ಉಳಿಸಿದ್ದ ದಪ್ಪ ಕ್ರೀಮು ಈಗ ಮುಖದ ಮೇಲೆ ಮೇಣದಂತೆ ಕುಳಿತಿತು. ಅದರ ಬದಲು ನೀರಿನಂಥ ಜೆಲ್ ಮಾಯಿಶ್ಚರೈಸರಿಗೆ ಹೋದೆ, ಔಷಧಿಯ ಕೆಳಗಿನ ಪದರವನ್ನೂ ಬಿಟ್ಟೆ. 2023ರ ಜುಲೈಯಲ್ಲಿ ಹಣೆಯ ತುಂಬ ಒಂದೇ ಗಾತ್ರದ ಸಣ್ಣ ಗುಳ್ಳೆಗಳೆದ್ದು ವಿಪರೀತ ತುರಿಸತೊಡಗಿದವು. ಅಡಾಪಲೀನ್ ಕೈಕೊಟ್ಟಿತೆಂದುಕೊಂಡೆ. ವೈದ್ಯೆ ನೋಡಿ, ಇವು ಮೊಡವೆಗಳೇ ಅಲ್ಲ, ಮಲಸೇಸಿಯ ಎಂಬ ಯೀಸ್ಟ್ ಬೆವರಿನ ಚರ್ಮದಲ್ಲಿ ಹೆಚ್ಚಿದ್ದು ಎಂದು ಶಿಲೀಂಧ್ರದ ಔಷಧಿ ಕೊಟ್ಟರು. ಸಾಮಾನ್ಯ ಮೊಡವೆ ಚಿಕ್ಕದು ದೊಡ್ಡದು ಬೆರೆತು ಬರುತ್ತದೆ, ನೋಯುತ್ತದೆ. ಇವು ಅಚ್ಚಿನಲ್ಲಿ ಎರೆದಂತೆ ಒಂದೇ ಅಳತೆ, ನೋವಿಗಿಂತ ತುರಿಕೆ ಹೆಚ್ಚು. ಕರಾವಳಿಯವರು ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ಅದೇ ವರ್ಷದ ಕೊನೆಯಲ್ಲಿ ಬೆಳಗಿನ ಹೊತ್ತಿಗೆ ಶೇಕಡಾ 2.5ರ ಬೆಂಜಾಯಿಲ್ ಪೆರಾಕ್ಸೈಡ್ ಸೇರಿತು, ಹಚ್ಚಿ ಐದು ನಿಮಿಷದಲ್ಲಿ ತೊಳೆದುಬಿಡುವ ಕ್ರಮದಲ್ಲಿ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಬಟ್ಟೆಯ ಬಣ್ಣವನ್ನೂ ಕೊಲ್ಲುತ್ತದೆ. ಅಪ್ಪನ ಕೆಂಪು ಬೈರಾಸಿನಲ್ಲಿ ಕಿತ್ತಳೆ ಬಣ್ಣದ ಮಚ್ಚೆಗಳು ಕಾಣಿಸಿಕೊಂಡಾಗ ಅವರು ಒಂದು ವಾರ ಒಗೆಯುವ ಸೋಪಿನ ಕಂಪೆನಿಯನ್ನು ಬೈದರು, ನಾನು ಬಾಯಿಬಿಡಲಿಲ್ಲ. ಅದರ ಹೊರತು ಸೀರಮ್ಮು, ಹಣ್ಣಿನ ಆಮ್ಲ, ಸಿ ವಿಟಮಿನ್ ಯಾವುದನ್ನೂ ನಾನು ಸೇರಿಸಿಲ್ಲ. ಅವು ಕೆಟ್ಟವೆಂದಲ್ಲ, ಒಂದೇ ಮುಖದ ಮೇಲೆ ನಾಲ್ಕು ಜನ ಕೆಲಸ ಮಾಡಿದರೆ ಉರಿ ಯಾರಿಂದ ಬಂತೆಂದು ಹೇಳುವುದಕ್ಕಾಗುವುದಿಲ್ಲ.

ಟ್ಯೂಬನ್ನು ಹಂಚಿಕೊಳ್ಳುವ ವಿಷಯದಲ್ಲಿ ಮಾತ್ರ ನಾನು ಕಟುವಾಗಿದ್ದೇನೆ. ಅತ್ತಿಗೆ ಒಮ್ಮೆ ಕಪಾಟಿನಿಂದ ಅದನ್ನು ತೆಗೆದುಕೊಂಡು "ಒಂದು ವಾರ ಹಚ್ಚಿ ನೋಡುತ್ತೇನೆ" ಎಂದಾಗ, ಅವರು ಮಗುವಾಗಲೆಂದು ಚಿಕಿತ್ಸೆಯಲ್ಲಿದ್ದ ಸಮಯ. ಇದೇ ರೆಟಿನಾಯ್ಡ್ ಕುಟುಂಬದ, ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಗರ್ಭದ ಶಿಶುವಿಗೆ ತೀವ್ರ ಅಂಗವೈಕಲ್ಯ ತರಬಲ್ಲದು ಎಂಬುದು ಖಚಿತವಾಗಿ ತಿಳಿದ ವಿಷಯ. ಹಚ್ಚುವ ಅಡಾಪಲೀನ್ ರಕ್ತಕ್ಕೆ ಸೇರುವುದು ಅತ್ಯಲ್ಪವಾದರೂ, ಬಸುರಿಯರು ಮತ್ತು ಬಸುರಿಗೆ ಯೋಜಿಸುವವರು ರೆಟಿನಾಯ್ಡುಗಳಿಂದ ದೂರವಿರಬೇಕೆಂದೇ ವೈದ್ಯರು ಹೇಳುತ್ತಾರೆ. ಅತ್ತಿಗೆಯ ಕೈಯಿಂದ ಟ್ಯೂಬನ್ನು ಬಹುತೇಕ ಕಿತ್ತುಕೊಂಡೆ, ಅವರಿಗೆ ಬೇಸರವಾಯಿತು. ಕಾರಣ ಹೇಳಿದ ಮೇಲೆ ಸರಿಹೋಯಿತು.

ಈಗ ವಾರಕ್ಕೆ ಮೂರು ರಾತ್ರಿ ಹಚ್ಚುತ್ತೇನೆ. ಹೊಸ ಟ್ಯೂಬ್ ತೆರೆದ ದಿನವೇ ಅದರ ಬಾಲದ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆದಿಡುವ ಅಭ್ಯಾಸ ಮಾಡಿಕೊಂಡಿದ್ದೇನೆ, ಏಕೆಂದರೆ ಮಂಗಳೂರಿನಲ್ಲಿ ಪ್ರತಿ ಸಲವೂ ಮೊದಲ ಪ್ರಶ್ನೆ ಅದೇ. ಕೆನ್ನೆ, ಹಣೆ ತಿಳಿಯಾಗಿವೆ. ಗದ್ದದ ಎಡಬದಿಯಲ್ಲಿ ಮಾತ್ರ ತಿಂಗಳಿಗೊಮ್ಮೆ, ಮುಟ್ಟಿಗೆ ನಾಲ್ಕೈದು ದಿನ ಮುಂಚೆ, ಒಳಗಿನಿಂದ ನೋಯುವ ಒಂದು ಗಡ್ಡೆ ತಪ್ಪದೆ ಏಳುತ್ತದೆ. ಅದು ಹಾರ್ಮೋನಿನ ಕಡೆಯದ್ದಿರಬಹುದು, ಮೂರು ತಿಂಗಳ ತಾರೀಕುಗಳನ್ನು ಬರೆದು ತನ್ನಿ ಎಂದಿದ್ದಾರೆ. ಎರಡು ತಿಂಗಳದ್ದು ಬರೆದಾಗಿದೆ.